ಹಸಿದ ವಿದ್ಯಾರ್ಥಿಗೆ ಮುಜುಗರವಾಗದಂತೆ ಊಟ ಕೊಡುವುದು ಹೇಗೆ?

ಪ್ರಶ್ನೆ:
ನಾನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ತಿಂಗಳ ಕೊನೆ ಬಂತೆಂದರೆ ಒಬ್ಬಳು ವಿದ್ಯಾರ್ಥಿನಿ ಮಧ್ಯಾಹ್ನ ಲೈಬ್ರರಿ ಬಿಟ್ಟು ಏಳುವುದೇ ಇಲ್ಲ. ಬಾಟಲಿ ನೀರು ಗಟಗಟ ಕುಡಿದು ಮತ್ತೆ ಪುಸ್ತಕ ತೆರೆಯುತ್ತಾಳೆ. ಕೇಳಿದರೆ "ಹಸಿವಿಲ್ಲ ಮೇಡಂ" ಅನ್ನುತ್ತಾಳೆ. ಅತ್ತ ಮೆಸ್ಸಿನ ಹಿಂದೆ ಡ್ರಮ್ಮುಗಟ್ಟಲೆ ಊಟ ಚೆಲ್ಲುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಏನು ಮಾಡಬಹುದು?

ಉತ್ತರ 1:
ಉಚಿತ ಊಟವನ್ನು ಎಲ್ಲರ ಬಳಿ ಇರುವ ಮೆಸ್ ಕಾರ್ಡಿಗೇ ಹಾಕಿ. ಬೇರೆ ಸಾಲು, ಬೇರೆ ಬಣ್ಣದ ಚೀಟಿ ಬೇಡವೇ ಬೇಡ. ನಾನು ಓದುವಾಗ ಅಂಥ ಹಳದಿ ಚೀಟಿ ಇತ್ತು. ಅದನ್ನು ಜೇಬಲ್ಲಿ ಮುದುರಿಟ್ಟುಕೊಂಡು ಎಷ್ಟೋ ದಿನ ಬಾಗಿಲಿಂದಲೇ ವಾಪಸ್ ಬಂದಿದ್ದೇನೆ.

ಉತ್ತರ 2:
ಮೆಸ್ ನಡೆಸಿದವನು ನಾನು. ಮೊದಲು ಚೆಲ್ಲುವುದನ್ನು ಒಂದು ವಾರ ತೂಕ ಮಾಡಿ. ಅಡುಗೆ ಎಲ್ಲಿ ಜಾಸ್ತಿಯಾಗುತ್ತಿದೆ ಅಂತ ಆಗಲೇ ಗೊತ್ತಾಗುವುದು. ದೊಡ್ಡ ಟ್ರೇ ತೆಗೆದು ಬರೀ ತಟ್ಟೆ ಇಡಿ, ಬಿಡುವುದು ಕಡಿಮೆಯಾಗುತ್ತದೆ. ಬಡಿಸದೆ ಉಳಿದದ್ದನ್ನು ಹಂಚುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಲಿ, ಬಿಸಿಯಾಗಿಡದೆ ಹೊರಗೆ 2 ಗಂಟೆಗಿಂತ ಜಾಸ್ತಿ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಎಂಜಲು ಗೊಬ್ಬರದ ಗುಂಡಿಗೆ.

ಪ್ರಶ್ನೆ ಕೇಳಿದವರು:
ಹಳದಿ ಚೀಟಿಯ ಮಾತು ಮನಸ್ಸಿಗೆ ನಾಟಿತು. ನಾಳೆಯೇ ತಕ್ಕಡಿ ತರಿಸುತ್ತೇನೆ. ಕಾರ್ಡಿನ ವಿಚಾರ ಕುಲಸಚಿವರ ಹತ್ತಿರ ಮಾತಾಡುತ್ತೇನೆ.