ಅಪ್‌ಡೇಟ್: ನಮ್ಮೂರ ವೀರಗಲ್ಲಿನ ಸುಣ್ಣ ಬಿಟ್ಟಿತು

ಬೇಲೂರು ತಾಲ್ಲೂಕಿನ ನಮ್ಮೂರ ಕೆರೆ ಏರಿಯ ಮೇಲಿನ ವೀರಗಲ್ಲಿಗೆ ಬಳಿದಿದ್ದ ಸುಣ್ಣ ತೆಗೆಯುವುದು ಹೇಗೆಂದು ಕೇಳಿದ್ದೆ. ಆಸಿಡ್, ತಂತಿ ಬ್ರಷ್ ಮುಟ್ಟಲೇಬೇಡಿ ಎಂದವರಿಗೆಲ್ಲ ಕೈ ಮುಗಿಯುತ್ತೇನೆ. ಇದು ಬಳಪದ ಕಲ್ಲು, ಉಗುರಿಗೂ ಗೀರು ಬೀಳುವಷ್ಟು ಮೃದು. ತಜ್ಞರೇ ಬಂದು ನೀರು, ಮೆತ್ತನೆಯ ಬ್ರಷ್, ಬಿದಿರು ಕಡ್ಡಿಯಿಂದ ಪದರ ಪದರವಾಗಿ ಬಿಡಿಸಿದರು.

ಈಗ ಮೂರು ಹಂತಗಳೂ ಕಾಣುತ್ತಿವೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ವೀರ. ಕಾಳಗದ ಅಂಚಿನಲ್ಲಿ ಹಸುಗಳಿವೆ, ಒಂದರ ಕೋಡೂ ಮುಕ್ಕಾಗಿಲ್ಲ! ಊರಿನ ತುರು, ಅಂದರೆ ದನಗಳನ್ನು ಬಿಡಿಸಲು ಹೋಗಿ ಮಡಿದವನು ಇವನು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ದತ್ತಿಯದೇ. ಅದೂ ನಮ್ಮ ತಾಲ್ಲೂಕಿನದು.

ವಾಲಿರುವ ಕಲ್ಲನ್ನು ಮಳೆಗಾಲ ಮುಗಿದ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಜಾತ್ರೆಗೆ ಸುಣ್ಣ ಬಳಿಯುವುದಿಲ್ಲವೆಂದು ಹಿರಿಯರೂ ಒಪ್ಪಿದ್ದಾರೆ.