ಹಲಸಿನ ಹಲಗೆ ಮಳೆಗಾಲ ದಾಟುವುದು ಹೇಗೆ?

ಪ್ರಶ್ನೆ (ಅಂಕೋಲಾ): ಆಚಾರಿಯವರಿಗೆ ನಮಸ್ಕಾರ. ಹಿತ್ತಲಿನ ಹಳೆಯ ಹಲಸಿನ ಮರ ಗಾಳಿಗೆ ಉರುಳಿತ್ತು. ಫೆಬ್ರುವರಿಯಲ್ಲಿ ಅಂಗಳದಲ್ಲೇ ಒಂದೂವರೆ ಇಂಚಿನ ಹಲಗೆ ಕೊಯ್ಯಿಸಿದೆವು. ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸಿ, ತಾಡಪಾಲು ಹೊದಿಸಿ ಬಿಗಿಯಾಗಿ ಕಟ್ಟಿಟ್ಟಿದ್ದರು ನಮ್ಮ ಮನೆಯವರು. ಈಗ ಬಿಚ್ಚಿ ನೋಡಿದರೆ ಮೈಯೆಲ್ಲ ಕಪ್ಪು ಬೂಷ್ಟು, ಅಂಚಿನಲ್ಲಿ ಬಿಳಿ ಪುಡಿ. ಕೆಲವು ಹಲಗೆಗಳ ತುದಿ ಗೇಣುದ್ದ ಸೀಳಿದೆ. ಮಳೆ ಹತ್ತಿರ ಬಂತು. ಬಿಸಿಲಿಗೆ ಹಾಕಿಬಿಡಲೇ?

ಉತ್ತರ: ಬಿಸಿಲಿಗೆ ಬೇಡ ತಂಗಿ. ಮೊದಲು ಆ ತಾಡಪಾಲು ತೆಗೆಸಿ, ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಮ್ಮ ಕರಾವಳಿಯಲ್ಲಿ ಮರವನ್ನು ಒಣಗಿಸುವುದು ಗಾಳಿ. ಮೇ ತಿಂಗಳ ಬಿಸಿಲಿಗೆ ಹಸಿ ಹಲಗೆ ಹಾಸಿದರೆ ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಹಾಗೆಯೇ ಇರುತ್ತದೆ. ಆ ಎಳೆದಾಟದಲ್ಲಿ ಹಲಗೆ ಬಿರಿಯುತ್ತದೆ. ತಾಡಪಾಲಿನೊಳಗೆ ಇದಕ್ಕೆ ತದ್ವಿರುದ್ಧ: ಮರದಿಂದ ಹೊರಟ ನೀರಿಗೆ ಹೋಗಲು ದಾರಿಯೇ ಇಲ್ಲ. ಬೂಷ್ಟು ಬಂದದ್ದು ಅದರಿಂದಲೇ. ಒರಟು ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿಳಿದರೆ ಮತ್ತೆ ಬೆಳೆಯುವುದಿಲ್ಲ.

ಅಟ್ಟಿಯನ್ನು ಹೊಸದಾಗಿ ಕಟ್ಟಿಸಿ. ಕೊಟ್ಟಿಗೆಯ ನೆಲ ಸದಾ ತೇವ, ಆದ್ದರಿಂದ ಒಂದೂವರೆ ಅಡಿ ಎತ್ತರಕ್ಕೆ ಚಿರೇಕಲ್ಲು ಇಟ್ಟು, ನೀರಿನ ಪೈಪು ಹಿಡಿದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಇಲ್ಲಿ ಸೊಟ್ಟಗಾದರೆ ಹಲಗೆಯೂ ಸೊಟ್ಟಗೇ ಒಣಗುತ್ತದೆ, ಆಮೇಲೆ ಯಾವ ಆಚಾರಿಯೂ ಅದನ್ನು ನೆಟ್ಟಗೆ ಮಾಡಲಾರ. ಪ್ರತಿ ಸಾಲಿನ ನಡುವೆ ಒಂದಿಂಚಿನ ಒಣ ರೀಪುಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ. ಮೇಲಿನ ಸಾಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಕೈಗೆ ಸಿಗುತ್ತದೆಂದು ಅಡಿಕೆ ದಬ್ಬೆ ಸೇರಿಸಬೇಡಿ. ಅದರ ದಪ್ಪ ಒಂದೇ ಸಮ ಇರುವುದಿಲ್ಲ, ಹಸಿಯಿದ್ದರೆ ಕಲೆಯನ್ನೂ ಬಿಡುತ್ತದೆ. ಅಟ್ಟಿಯ ಮೇಲೆ ಭಾರಕ್ಕೆ ನಾಲ್ಕಾರು ಕಲ್ಲು ಹೇರಿ. ಮಳೆ ಬಡಿಯುವ ಪಡುವಣ ದಿಕ್ಕಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದರೆ ಇರಚಲು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಉಳಿದ ಮಗ್ಗುಲುಗಳು ತೆರೆದೇ ಇರಲಿ.

ಸೀಳಿದ ತುದಿಗಳನ್ನು ಈಗಲೇ ಕತ್ತರಿಸಬೇಡಿ, ಹೊಸ ತುದಿಯೂ ಸೀಳುತ್ತದೆ. ಹಲಗೆಯ ಮುಖಕ್ಕಿಂತ ತುದಿಯಿಂದ ನೀರು ಹತ್ತಾರು ಪಟ್ಟು ಬೇಗ ಹೋಗುತ್ತದೆ. ಕೊಯ್ದ ದಿನವೇ ಅಲ್ಲಿಗೆ ಕರಗಿಸಿದ ಮೇಣವನ್ನೋ ಉಳಿದ ಎಣ್ಣೆ ಬಣ್ಣವನ್ನೋ ದಪ್ಪಗೆ ಬಳಿಯಬೇಕಿತ್ತು. ಈಗ ಬಳಿದರೂ ಸೀಳು ಮುಂದುವರಿಯುವುದು ಕಡಿಮೆಯಾಗುತ್ತದೆ.

ಪ್ರಶ್ನೆ (ಹೊನ್ನಾವರ): ಆ ಪುಡಿ ಮರ ಕೊರೆಯುವ ಕುಟ್ಟೆ ಹುಳದ್ದೋ ಒರಲೆಯದೋ (ಗೆದ್ದಲಿನದೋ)?

ಉತ್ತರ: ಬೆರಳಿನಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನಷ್ಟು ನುಣುಪಾಗಿದ್ದರೆ ಕುಟ್ಟೆ. ಕಾಳುಕಾಳಾಗಿ ಉರುಟಾಗಿ ಸಿಕ್ಕಿದರೆ ಒಣಮರದೊಳಗೇ ವಾಸಿಸುವ ಒರಲೆ. ನೆಲದ ಒರಲೆಯಾದರೆ ಮಣ್ಣಿನ ಗೆರೆ ಕಟ್ಟಿಕೊಂಡೇ ಬರುತ್ತದೆ. ಅಂಕೋಲೆಯ ತಂಗಿ ಹೇಳಿದ್ದು ಕುಟ್ಟೆಯೇ ಇರಬೇಕು, ಏಕೆಂದರೆ ಪುಡಿ ಬಿದ್ದದ್ದು ಅಂಚಿನಲ್ಲಿ. ತೊಗಟೆಗೆ ಅಂಟಿದ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಕುಟ್ಟೆಗೆ ಬೇಕಾದದ್ದು ಅದೇ. ಹಲಸಿನ ಹಳದಿ ಕೆಚ್ಚಿನ ತಂಟೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಬಿಳಿ ಅಂಚನ್ನು ಕೊಯ್ದು ಬಚ್ಚಲ ಒಲೆಗೆ ಹಾಕಿ. ಉಳಿದದ್ದಕ್ಕೆ ಹತ್ತು ಲೀಟರ್ ಬಿಸಿನೀರಿನಲ್ಲಿ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಬಳಿಯಿರಿ. ಮರ ಹಸಿಯಿದ್ದಾಗ ಇದು ಒಳಗಿಳಿಯುತ್ತದೆ, ಮಳೆ ನೀರು ಬಿದ್ದರೆ ತೊಳೆದುಹೋಗುತ್ತದೆ. ದನದ ಹುಲ್ಲಿಗೆ ಸಿಡಿಯದಂತೆ ಅಂಗಳದಲ್ಲಿ ಬಳಿಯಿರಿ. ಅಟ್ಟಿಯ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟರೆ ಹೊಸ ಪುಡಿ ಉದುರಿದ್ದು ತಕ್ಷಣ ಕಾಣುತ್ತದೆ.

ಪ್ರಶ್ನೆ (ಶಿರಸಿ): ನಮ್ಮಲ್ಲಿ ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟಕ್ಕೆ ಹಲಗೆ ಏರಿಸುವ ರೂಢಿ ಇತ್ತು. ಅದು ಒಳ್ಳೆಯದಲ್ಲವೇ?

ಉತ್ತರ: ಒಳ್ಳೆಯದೇ, ಆದರೆ ಹಸಿ ಹಲಗೆಗಲ್ಲ. ಗಾಳಿಯಲ್ಲಿ ಒಂದು ಬೇಸಿಗೆ ಕಳೆದ ಹಲಗೆಯನ್ನು ಮಳೆಗಾಲದಲ್ಲಿ ಕಾಪಾಡಲು ಹೊಗೆಯ ಅಟ್ಟಕ್ಕಿಂತ ಉತ್ತಮ ಜಾಗವಿಲ್ಲ. ನಿಮ್ಮವರು ಅಡಿಕೆಗೆ ಒಲೆ ಹೂಡುವುದು ಮಳೆ ಮುಗಿದ ಮೇಲೆ ಎಂಬುದೊಂದೇ ತೊಡಕು. ಬಚ್ಚಲ ಒಲೆಯ ಮೇಲೆ ಜಾಗವಿದ್ದರೆ ಅದೇ ಆದೀತು.

ಪ್ರಶ್ನೆ (ಕಾರವಾರ): ದಿಮ್ಮಿಯನ್ನು ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿಸಿಟ್ಟರೆ ಹುಳ ಹಿಡಿಯುವುದಿಲ್ಲ ಎನ್ನುತ್ತಾರೆ.

ಉತ್ತರ: ಸಿಹಿನೀರಿನ ಕೆರೆಯಾದರೆ ಸರಿ. ಪೂರ್ತಿ ಮುಳುಗಿರಬೇಕು, ಆಗ ಕುಟ್ಟೆ ಬಯಸುವ ಅಂಶ ಎಷ್ಟೋ ಕಡಿಮೆಯಾಗುತ್ತದೆ. ಅಳಿವೆಯ ಹತ್ತಿರದ ಉಪ್ಪುನೀರಿನಲ್ಲಿ ಮಾತ್ರ ಬೇಡ. ದೋಣಿಯ ತಳವನ್ನು ಕೊರೆಯುವ ಹುಳ ಇರುವುದು ಅಲ್ಲೇ, ನಿಮ್ಮೂರಿನ ಮೀನುಗಾರರನ್ನು ಕೇಳಿ. ಮರದೊಳಗೆ ಸೇರಿದ ಉಪ್ಪು ಮುಂದೆ ಪ್ರತಿ ಮಳೆಗಾಲದಲ್ಲೂ ತೇವ ಎಳೆಯುತ್ತದೆ, ಮೊಳೆ ತುಕ್ಕು ಹಿಡಿಸುತ್ತದೆ.

ಪ್ರಶ್ನೆ (ಅಂಕೋಲಾ): ಮಗನ ಬೆಂಗಳೂರಿನ ಮನೆಗೆ ಊಟದ ಮೇಜು ಮಾಡಿಸಬೇಕೆಂದಿದ್ದೇವೆ. ಒಣಗಿದ್ದು ಹೇಗೆ ಗೊತ್ತಾಗುತ್ತದೆ?

ಉತ್ತರ: ಅಟ್ಟಿಯ ನಡುವಿನ ಒಂದು ಹಲಗೆಗೆ ಗುರುತು ಹಾಕಿ ತಿಂಗಳಿಗೊಮ್ಮೆ ತೂಗಿ, ತೂಕವನ್ನು ಅದರ ಮೇಲೆಯೇ ಬರೆಯಿರಿ. ಇಳಿಯುವುದು ನಿಂತಾಗ ನಿಮ್ಮ ಊರಿನ ಗಾಳಿ ಒಣಗಿಸಬಲ್ಲಷ್ಟು ಒಣಗಿದೆ ಎಂದರ್ಥ. ಮಳೆಗಾಲದಲ್ಲಿ ತೂಕ ಮತ್ತೆ ಏರಿದರೆ ಗಾಬರಿಯಾಗಬೇಡಿ. ಶೇಕಡಾ 85-90 ತೇವವಿರುವ ಗಾಳಿಯಲ್ಲಿ ಯಾವ ಮರವೂ ಶೇಕಡಾ 18-20ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹತ್ತು ವರ್ಷ ಇಟ್ಟರೂ ಅಷ್ಟೇ. ನಿಜವಾಗಿ ಒಣಗುವುದು ದೀಪಾವಳಿಯ ನಂತರ, ಮೂಡಣ ಗಾಳಿ ಬೀಸತೊಡಗಿದಾಗ. ಹಾಗಾಗಿ ಒಂದೂವರೆ ಇಂಚಿನ ಹಲಗೆಗೆ ಇನ್ನೊಂದು ಬೇಸಿಗೆ ಕೊಡಿ.

ಬೆಂಗಳೂರಿನ ಬೇಸಿಗೆಯ ಗಾಳಿ ಇನ್ನೂ ಒಣ. ಇಲ್ಲಿ ಕೂಡಿಸಿದ ಮೂರಡಿ ಅಗಲದ ಮೇಜು ಅಲ್ಲಿ ಕಾಲಿಂಚು, ಕೆಲವೊಮ್ಮೆ ಅರ್ಧ ಇಂಚು ಕುಗ್ಗಬಹುದು. ಹಲಗೆಗಳನ್ನು ಅಲ್ಲಿಗೆ ಕಳಿಸಿ, ಮನೆಯೊಳಗೆ ರೀಪು ಕೊಟ್ಟು ಎರಡು ಮೂರು ತಿಂಗಳು ಇಡಿಸಿ, ಅಲ್ಲಿಯ ಬಡಗಿಯಿಂದಲೇ ಕೂಡಿಸಿ. ಕಾಲುಚೌಕಟ್ಟಿಗೆ ಮೇಲ್ಹಲಗೆ ಬಿಗಿಯುವಾಗ ಅದು ಹಿಗ್ಗಿ ಕುಗ್ಗಲು ಜಾಗವಿರುವಂತೆ ಸ್ಕ್ರೂ ತೂತು ಅಡ್ಡಕ್ಕೆ ಉದ್ದನೆಯದಿರಲಿ, ಅಂಟು ಹಾಕುವುದು ಬೇಡ.

ಪ್ರಶ್ನೆ (ಸಿದ್ದಾಪುರ): ಸೊಪ್ಪಿನ ಬೆಟ್ಟದಲ್ಲಿ ಒಂದು ಮತ್ತಿ ಮರ ಬಿದ್ದಿದೆ. ಅದನ್ನೂ ಹೀಗೆಯೇ ಕೊಯ್ಯಿಸಬಹುದೇ?

ಉತ್ತರ: ಗರಗಸದವರಿಗೆ ಫೋನ್ ಮಾಡುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ. ಬೆಟ್ಟದಿಂದ ಸೊಪ್ಪು ತರುವ ಹಕ್ಕಿದ್ದ ಮಾತ್ರಕ್ಕೆ ಅಲ್ಲಿಯ ಮರ ನಮ್ಮದಾಗುವುದಿಲ್ಲ. ಸ್ವಂತ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವಿನಾಯಿತಿ ಇರುವುದು ಕೆಲವು ಜಾತಿಗಳಿಗೆ ಮಾತ್ರ. ಮರ ಬಿದ್ದ ಜಾಗದಲ್ಲೇ ಇರುವಾಗ, ಬೇರು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.