ಸಹಾಯ ಬೇಕು: ಮಾಸ್ಲೋ, ರಾಜರ್ಸ್ ಬಗ್ಗೆ ಕನ್ನಡದಲ್ಲಿ ಹೇಳುವುದು ಹೇಗೆ?

ನಮಸ್ಕಾರ. ಬಸವನಗುಡಿಯ ನಮ್ಮ ಓದುಗರ ಗುಂಪಿನಲ್ಲಿ ಭಾನುವಾರ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾಸ್ಲೋ, ರಾಜರ್ಸ್ ಇವರಿಬ್ಬರ ಬಗ್ಗೆ ಮಾತಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಬರುವವರಲ್ಲಿ ನಿವೃತ್ತರೇ ಜಾಸ್ತಿ.

ಮನುಷ್ಯನಿಗೆ ಒಂದಾದ ಮೇಲೊಂದು ಏನೇನು ಬೇಕು ಅಂತ ಮಾಸ್ಲೋ 1943ರಲ್ಲಿ ಬರೆದದ್ದು ಸುಲಭ: ಊಟ, ಭದ್ರತೆ, ನಮ್ಮವರು ಅನ್ನುವ ಭಾವ, ಮರ್ಯಾದೆ, ಆಮೇಲೆ ಒಳಗಿರುವುದು ಪೂರ್ತಿ ಅರಳುವುದು. ಆದರೆ ಈ ಕೊನೆಯದಕ್ಕೆ, ಅಂದರೆ ಅವರ ಸೆಲ್ಫ್ ಆಕ್ಚುಯಲೈಸೇಷನ್‌ಗೆ, 'ಆತ್ಮಸಾಕ್ಷಾತ್ಕಾರ' ಅಂದರೆ ಎಲ್ಲರೂ ಸೀದಾ ಮಠಕ್ಕೆ ಹೋಗಿಬಿಡುತ್ತಾರೆ, ಅಲ್ವಾ? ಬೇರೆ ಪದ ಇದೆಯಾ?

ಕಾರ್ಲ್ ರಾಜರ್ಸ್ ಚಿಕ್ಕವರಿದ್ದಾಗ ಅವರ ಮನೆಯ ನೆಲಮಾಳಿಗೆಯ ಆಲೂಗಡ್ಡೆ ಕತ್ತಲಲ್ಲೂ ಕಿಟಕಿಯ ಬೆಳಕಿನ ಕಡೆ ಬಿಳಿ ಮೊಳಕೆ ಚಾಚುತ್ತಿತ್ತಂತೆ. ಎಂಥ ಕಷ್ಟದಲ್ಲೂ ಜೀವ ಬೆಳೆಯಲು ನೋಡುತ್ತದೆ ಅನ್ನುವುದಕ್ಕೆ ಅವರು ಕೊಟ್ಟ ಉದಾಹರಣೆ ಇದು. ನಮ್ಮ ಸಿಂಕ್ ಕೆಳಗಿನ ಬುಟ್ಟಿಯಲ್ಲೂ ಎರಡು ಹಾಗೇ ಆಗಿವೆ, ತೆಗೆದುಕೊಂಡು ಹೋಗುತ್ತೇನೆ. ತೊಡಕಿರುವುದು ರಾಜರ್ಸ್ ಹೇಳುವ 'ಷರತ್ತಿಲ್ಲದ ಒಪ್ಪಿಗೆ'ಯಲ್ಲಿ, ಅಂದರೆ ಎದುರಿನವರನ್ನು ಇದ್ದ ಹಾಗೇ ಒಪ್ಪಿಕೊಳ್ಳುವುದರಲ್ಲಿ. "ಮಗ ತಪ್ಪು ಮಾಡಿದರೂ ಸರಿ ಅನ್ನಬೇಕಾ?" ಅಂದರು ನಮ್ಮತ್ತೆ. ಒಪ್ಪುವುದು ಮಗನನ್ನು, ತಪ್ಪನ್ನಲ್ಲ ಅಂದೆ. ಸುಮ್ನೆ ನಕ್ಕರು. ಮನೆಮಾತಿನ ಒಳ್ಳೆ ಉದಾಹರಣೆ ಇದ್ದರೆ ಶುಕ್ರವಾರದೊಳಗೆ ಹೇಳಿ.